ರಾನ್ ಹೇನ್ಸಿ: 907 ಪಂದ್ಯಗಳ ಆಚೆಗೆ ಸಿಕ್ಕ ಪ್ಲೇಆಫ್

ಕೇಳುಗರಿಗೆ ನಮಸ್ಕಾರ. ಇಂದು ನಾನು ಮಾತನಾಡಲಿರುವುದು ರಾನ್ ಹೇನ್ಸಿ ಎಂಬ ಐಸ್ ಹಾಕಿ ಆಟಗಾರರ ಬಗ್ಗೆ. ಅಮೆರಿಕ ಮತ್ತು ಕೆನಡಾ ದೇಶಗಳ ತಂಡಗಳು ಸೆಣಸುವ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಇವರು 2002ರಿಂದ 2020ರವರೆಗೆ ಆಡಿದರು. ಇವರ ಹೆಸರಿನಲ್ಲಿ ದೊಡ್ಡ ಗೋಲುಗಳ ಪಟ್ಟಿಯಿಲ್ಲ, ವೈಯಕ್ತಿಕ ಪ್ರಶಸ್ತಿಗಳ ಸಾಲೂ ಇಲ್ಲ. ಆದರೂ ಈ ಆಟವನ್ನು ನಿಜವಾಗಿ ಹೊತ್ತು ನಡೆಸುವವರು ಯಾರು ಎಂದು ತಿಳಿಯಬೇಕಾದರೆ ಇವರ ವೃತ್ತಿಜೀವನವನ್ನು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಡಗಿನ ಮೈದಾನಗಳಿಂದಾಗಿ ನಮಗೆ ಪರಿಚಿತವಾದ ಹಾಕಿಗೂ ಈ ಆಟಕ್ಕೂ ವ್ಯತ್ಯಾಸ ಬಹಳ. ಮಂಜುಗಡ್ಡೆಯ ಅಂಗಣದಲ್ಲಿ ಒಂದು ತಂಡದಿಂದ ಆರೇ ಮಂದಿ ಇರುತ್ತಾರೆ: ಒಬ್ಬ ಗೋಲ್‌ಕೀಪರ್, ಮೂವರು ಮುನ್ನಡೆ ಆಟಗಾರರು, ಇಬ್ಬರು ರಕ್ಷಣಾ ಆಟಗಾರರು. ಆಟದ ವೇಗ ಎಷ್ಟೆಂದರೆ ಯಾರೂ ಸಾಮಾನ್ಯವಾಗಿ ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಒಂದೇ ಸಮನೆ ಆಡುವುದಿಲ್ಲ. ಆಟ ನಿಲ್ಲದೆಯೇ ಜೋಡಿಗಳು ಬದಲಾಗುತ್ತಿರುತ್ತವೆ. ಎದುರಾಳಿ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ಹಿಡಿದು ನುಗ್ಗಿ ಬರುವಾಗ ರಕ್ಷಣಾ ಆಟಗಾರ ಹಿಮ್ಮುಖವಾಗಿ ಜಾರುತ್ತಲೇ ಅವನಿಗೂ ತನಗೂ ನಡುವಿನ ಅಂತರವನ್ನು ಕಾಯ್ದುಕೊಳ್ಳಬೇಕು. ಮುಂದೆ ನುಗ್ಗಿದರೆ ಎದುರಾಳಿ ದಾಟಿ ಹೋಗುತ್ತಾನೆ, ತೀರ ಹಿಂದೆ ಸರಿದರೆ ಅವನಿಗೆ ಹೊಡೆಯಲು ಜಾಗ ಸಿಗುತ್ತದೆ. ಅವನನ್ನು ಅಂಚಿನ ಗೋಡೆಯತ್ತ ತಳ್ಳುವುದು, ಗೋಲಿನ ಮುಂದೆ ನಿಂತವರನ್ನು ಸರಿಸುವುದು, ಬರುವ ಹೊಡೆತಕ್ಕೆ ಮೈಯೊಡ್ಡುವುದು, ದಂಡನೆಯಿಂದಾಗಿ ತನ್ನ ತಂಡದಲ್ಲಿ ಒಬ್ಬ ಕಡಿಮೆಯಿರುವಾಗ ಆ ಕೊರತೆ ತುಂಬುವುದು, ಇವೆಲ್ಲ ಅವನ ಕೆಲಸ. ಅವನು ಚೆನ್ನಾಗಿ ಆಡಿದ ದಿನ ನಡೆಯಬೇಕಾಗಿದ್ದ ಅನಾಹುತಗಳು ನಡೆಯುವುದಿಲ್ಲ, ಅಷ್ಟೆ.

ಹೇನ್ಸಿ 1981ರಲ್ಲಿ ಕನೆಕ್ಟಿಕಟ್ ರಾಜ್ಯದ ಬೋಲ್ಟನ್ ಎಂಬ ಊರಿನಲ್ಲಿ ಹುಟ್ಟಿದರು. ಮ್ಯಾಸಚೂಸೆಟ್ಸ್‌ನ ಲೋವೆಲ್ ವಿಶ್ವವಿದ್ಯಾಲಯದ ಪರವಾಗಿ ಆಡುತ್ತಿದ್ದ ಅವರನ್ನು ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸಿಕೊಳ್ಳುವ 2000ದ ಆಯ್ಕೆಯಲ್ಲಿ ಮಾಂಟ್ರಿಯಲ್ ತಂಡ 13ನೆಯವರಾಗಿ ಆರಿಸಿಕೊಂಡಿತು. ಅಷ್ಟು ಮೇಲಿನ ಸ್ಥಾನದಲ್ಲಿ ಆಯ್ಕೆಯಾದವರ ಮೇಲೆ ನಿರೀಕ್ಷೆ ದೊಡ್ಡದಾಗಿರುತ್ತದೆ. ಆದರೆ ಮಾಂಟ್ರಿಯಲ್‌ನಲ್ಲಿ ಅವರು ಆಡಿದ್ದು ಕೆಲವೇ ಪಂದ್ಯಗಳನ್ನು. ಹೆಚ್ಚಿನ ಕಾಲ ಕಳೆದದ್ದು ಕೆಳಗಿನ ಲೀಗ್‌ನಲ್ಲಿ. 2005ರ ಕೊನೆಯಲ್ಲಿ ಮಾಂಟ್ರಿಯಲ್ ಅವರನ್ನು ಬಿಟ್ಟುಕೊಡಲು ಮುಂದಾದಾಗ ಕೊಲಂಬಸ್ ತಂಡ ಅವರನ್ನು ಸೇರಿಸಿಕೊಂಡಿತು. ಇದಕ್ಕೆ ಅಲ್ಲಿ ವೇವರ್ ಎನ್ನುತ್ತಾರೆ. ಒಂದು ತಂಡ ಬೇಡವೆಂದ ಆಟಗಾರನನ್ನು ಬೇರೆ ಯಾವ ತಂಡವಾದರೂ, ಬದಲಿಗೆ ಯಾವ ಆಟಗಾರನನ್ನೂ ಕೊಡದೆ, ಸಂಬಳದ ಹೊಣೆ ಹೊತ್ತು ಪಡೆಯಬಹುದಾದ ವ್ಯವಸ್ಥೆ ಅದು. ಹೇನ್ಸಿಯವರ ನಿಜವಾದ ವೃತ್ತಿಜೀವನ ಆರಂಭವಾದದ್ದು ಹೀಗೆ.

2008ರಲ್ಲಿ ಅವರು ಐದು ವರ್ಷಗಳ ಒಪ್ಪಂದದ ಮೇಲೆ ಅಟ್ಲಾಂಟಾ ತಂಡವನ್ನು ಸೇರಿದರು. 2011ರಲ್ಲಿ ಆ ತಂಡವೇ ವಿನ್ನಿಪೆಗ್ ನಗರಕ್ಕೆ ಸ್ಥಳಾಂತರಗೊಂಡಿತು, ಆಟಗಾರರೂ ಅದರೊಂದಿಗೆ ಹೋದರು. 2013ರಲ್ಲಿ ಅವರು ಕ್ಯಾರೊಲೈನಾ ತಂಡಕ್ಕೆ ಬಂದರು. ಒಂದು ಋತುವಿಗೆ 82 ಪಂದ್ಯಗಳು. ಆಗಿದ್ದ 30 ತಂಡಗಳ ಪೈಕಿ 16 ತಂಡಗಳು ಪ್ಲೇಆಫ್, ಅಂದರೆ ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತುಗಳನ್ನು, ತಲುಪುತ್ತಿದ್ದವು. ಅಂದರೆ ಅರ್ಧಕ್ಕಿಂತ ಹೆಚ್ಚು ತಂಡಗಳಿಗೆ ಸಿಗುವ ಈ ಅವಕಾಶ ಹೇನ್ಸಿಯವರಿಗೆ ಮಾತ್ರ ಸಿಗಲೇ ಇಲ್ಲ. ಅವರು ಬಿಟ್ಟುಹೋದ ಮರು ಋತುವಿನಲ್ಲೇ, 2009ರಲ್ಲಿ, ಕೊಲಂಬಸ್ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಪ್ಲೇಆಫ್ ತಲುಪಿತು. ವಿನ್ನಿಪೆಗ್ ತಲುಪಿದ್ದು 2015ರಲ್ಲಿ, ಕ್ಯಾರೊಲೈನಾ 2019ರಲ್ಲಿ. ಎರಡೂ ಅವರು ಹೊರಟ ಮೇಲೆಯೇ.

ಇದನ್ನು ಅವರ ದುರದೃಷ್ಟದ ಕಥೆಯಾಗಿ ಹೇಳುವುದು ಸುಲಭ, ಬಹಳ ಮಂದಿ ಹಾಗೆಯೇ ಹೇಳಿದ್ದಾರೆ. ನನಗೆ ಅದು ನ್ಯಾಯವೆನಿಸುವುದಿಲ್ಲ. ತಂಡದ ಸ್ಥಾನವನ್ನು ನಿರ್ಧರಿಸುವುದು ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಮತ್ತು ಆಡಳಿತದ ನೂರು ತೀರ್ಮಾನಗಳು. ಒಬ್ಬ ರಕ್ಷಣಾ ಆಟಗಾರನಿಗೆ ಅದನ್ನು ತಿರುಗಿಸುವ ಶಕ್ತಿಯಿಲ್ಲ. ಆದರೆ ಸೋಲುವ ತಂಡಗಳಲ್ಲೂ ಬೇರೆ ಬೇರೆ ತರಬೇತುದಾರರು ಒಂಬೈನೂರು ಸಲ ಇದೇ ಮನುಷ್ಯನನ್ನು ಅಂಗಣಕ್ಕೆ ಇಳಿಸಿದರಲ್ಲ, ಅವರ ಯೋಗ್ಯತೆಯನ್ನು ಅಳೆಯಲು ಅದು ಪ್ಲೇಆಫ್‌ಗಿಂತ ನಂಬಬಹುದಾದ ಅಳತೆ.

2017ರ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗ್ ತಂಡದ ಹಲವು ರಕ್ಷಣಾ ಆಟಗಾರರು ಗಾಯಗೊಂಡಿದ್ದರು. ಹಿಂದಿನ ವರ್ಷವಷ್ಟೇ ಲೀಗ್‌ನ ಚಾಂಪಿಯನ್‌ಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದಿದ್ದ ಆ ತಂಡ ಹೇನ್ಸಿಯವರನ್ನು ವಿನಿಮಯದಲ್ಲಿ ಪಡೆಯಿತು. ಏಪ್ರಿಲ್‌ನಲ್ಲಿ ತಂಡದ ಪ್ರಮುಖ ರಕ್ಷಣಾ ಆಟಗಾರ ಕ್ರಿಸ್ ಲೆಟಾಂಗ್ ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದಾಗಿ ಋತುವಿನ ಉಳಿದ ಭಾಗದಿಂದ ಹೊರಗುಳಿದರು. ಹಾಗಾಗಿ ಬ್ರಯಾನ್ ಡುಮೊಲಿನ್ ಅವರ ಜೊತೆಗಾರರಾಗಿ ಹೇನ್ಸಿ ಅತಿ ಕಠಿಣವಾದ ಹೊಣೆಯನ್ನೇ ಹೊರಬೇಕಾಯಿತು. 907 ಲೀಗ್ ಪಂದ್ಯಗಳನ್ನು ಆಡಿ, 36 ವರ್ಷ ತುಂಬಿದ ಮೇಲೆ, ಏಪ್ರಿಲ್ 12ರಂದು ಅವರು ಮೊದಲ ಪ್ಲೇಆಫ್ ಪಂದ್ಯವನ್ನಾಡಿದರು. ಅಷ್ಟು ದೀರ್ಘವಾಗಿ ಅದಕ್ಕಾಗಿ ಕಾದವರು ಲೀಗ್‌ನಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅಂದಿನ ಎದುರಾಳಿ ಅವರ ಹಳೆಯ ತಂಡವಾದ ಕೊಲಂಬಸ್. (ಈ ದಾಖಲೆಯನ್ನು 2025ರಲ್ಲಿ ಮುರಿದ ಜೆಫ್ ಸ್ಕಿನ್ನರ್ ಕ್ಯಾರೊಲೈನಾದಲ್ಲಿ ಅವರ ಸಹ ಆಟಗಾರರಾಗಿದ್ದವರು ಎಂಬುದನ್ನೂ ಇಲ್ಲಿ ಹೇಳಬೇಕು.)

ಪಿಟ್ಸ್‌ಬರ್ಗ್ ಒಂದೊಂದೇ ಸುತ್ತು ದಾಟಿ ಅಂತಿಮ ಸರಣಿಯಲ್ಲಿ ನ್ಯಾಶ್‌ವಿಲ್ ತಂಡವನ್ನು ಎದುರಿಸಿತು. ಐದನೆಯ ಪಂದ್ಯವನ್ನು 6–0 ಅಂತರದಿಂದ ಗೆದ್ದಾಗ ಆ ಗೋಲುಗಳಲ್ಲೊಂದು ಹೇನ್ಸಿಯವರದು. ಜೂನ್ 11ರಂದು ಆರನೆಯ ಪಂದ್ಯವೂ ಗೆಲುವಾಯಿತು. ಸ್ಟಾನ್ಲಿ ಕಪ್ ಮೊದಲು ನಾಯಕನ ಕೈಗೆ ಬರುತ್ತದೆ, ಆತ ಅದನ್ನು ಮುಂದೆ ಯಾರಿಗೆ ಕೊಡುತ್ತಾನೆ ಎಂಬುದು ಆಟಗಾರರ ನಡುವೆ ದೊಡ್ಡ ಗೌರವದ ವಿಷಯ. ನಾಯಕ ಸಿಡ್ನಿ ಕ್ರಾಸ್ಬಿ ಅದನ್ನು ನೇರವಾಗಿ ಹೇನ್ಸಿಯವರ ಕೈಗೆ ಕೊಟ್ಟರು. ತಂಡಕ್ಕೆ ಬಂದು ನಾಲ್ಕು ತಿಂಗಳೂ ತುಂಬಿರದ ಆಟಗಾರನಿಗೆ ದೊರೆತ ಆ ಮನ್ನಣೆಯನ್ನು ನೆನೆದಾಗ ನನಗೆ ಇಂದಿಗೂ ಸಂತೋಷವಾಗುತ್ತದೆ.

ಮುಂದೆ ಅವರು ಟೊರಾಂಟೊದಲ್ಲಿ ಎರಡು ಋತು, ಒಟ್ಟಾವಾದಲ್ಲಿ ಒಂದು ಋತು ಆಡಿದರು. 2012ರ ಲಾಕೌಟ್‌ನಲ್ಲಿ (ಒಪ್ಪಂದವಾಗದೆ ಮಾಲೀಕರು ಆಟವನ್ನೇ ನಿಲ್ಲಿಸಿದ್ದ ಅವಧಿ) ಮಾಲೀಕರು ಮತ್ತು ಆಟಗಾರರ ನಡುವೆ ಮಾತುಕತೆ ನಡೆದಾಗ ಆಟಗಾರರ ಸಂಘದ ಪರವಾಗಿ ಸಭೆಗಳಲ್ಲಿ ಕುಳಿತವರಲ್ಲಿ ಹೇನ್ಸಿ ಒಬ್ಬರು. ನಿವೃತ್ತಿಯ ನಂತರ ಅವರು ಸೇರಿದ್ದೂ ಆ ಆಟಗಾರರ ಸಂಘವನ್ನೇ. ಬಿಟ್ಟುಕೊಡಲ್ಪಟ್ಟು, ವಿನಿಮಯಗೊಂಡು, ತಂಡದ ಜೊತೆಗೇ ಊರು ಬದಲಿಸಿದ ಅನುಭವವಿರುವ ಅವರು ಈಗ ಆಟಗಾರರ ಒಪ್ಪಂದಗಳ, ಹಕ್ಕುಗಳ ಕೆಲಸದಲ್ಲಿ ತೊಡಗಿದ್ದಾರೆ. ನಮಸ್ಕಾರ.