ಆರು ವಾರದ ಸಂಸದೆ

ಎಲ್ಲರಿಗೂ ನಮಸ್ಕಾರ.

ನಾನು ಚಿಕ್ಕಮಗಳೂರಿನವನು ಅಂತ ಉತ್ತರದ ಕಡೆಯ ಯಾರಿಗಾದರೂ ಹೇಳಿ ನೋಡಿ. ಸ್ವಲ್ಪ ವಯಸ್ಸಾದವರಾಗಿದ್ದರೆ ಮೊದಲು ನೆನಪಾಗುವುದು ಇಂದಿರಾ ಗಾಂಧಿ. ಕಾಫಿ, ಮುಳ್ಳಯ್ಯನಗಿರಿ ಎಲ್ಲ ಆಮೇಲೆ. 1978ರಲ್ಲಿ ಅವರು ನಮ್ಮಲ್ಲಿ ಲೋಕಸಭೆ ಉಪಚುನಾವಣೆಗೆ ನಿಂತಾಗಿನ ಘೋಷಣೆಯನ್ನೂ ಕೆಲವರು ಹೇಳಿಬಿಡುತ್ತಾರೆ: "ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಕಮಗಳೂರ್, ಚಿಕ್ಕಮಗಳೂರ್." ಒಂದು ಸಿಂಹಿಣಿ, ನೂರು ಕೋತಿಗಳು ಅಂತ ಅರ್ಥ. ನಮ್ಮ ಊರಿಗೆ ದೇಶದ ಭೂಪಟದಲ್ಲಿ ಜಾಗ ಕೊಟ್ಟ ಘೋಷಣೆ ಅದು, ಸರಿ. ಆದರೆ ಇಂದಿರಮ್ಮ ನಮಗೆ ಏನು ಬಿಟ್ಟು ಹೋದರು ಅನ್ನುವ ಪ್ರಶ್ನೆ ಬಂದಾಗಲೂ ಅದನ್ನೇ ಹೇಳಿ ಸುಮ್ಮನಾಗುತ್ತೇವಲ್ಲ, ಅದು ನನಗೆ ಹಿಡಿಸುವುದಿಲ್ಲ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1917ರಲ್ಲಿ, ಅಲಹಾಬಾದಿನಲ್ಲಿ. ಪ್ರಧಾನಿಯಾದದ್ದು 1966ರಲ್ಲಿ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ, 1971ರಲ್ಲಿ 'ಗರೀಬಿ ಹಟಾವೋ' ಅಂತ ಭಾರಿ ಗೆಲುವು, ಅದೇ ವರ್ಷ ಬಾಂಗ್ಲಾ ಯುದ್ಧ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ. 1977ರ ಮಾರ್ಚ್‌ನಲ್ಲಿ ರಾಯ್ ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸೋಲು. ಉತ್ತರ ಭಾರತದಲ್ಲಿ ಪಕ್ಷವೇ ಕೊಚ್ಚಿಹೋಯಿತು.

ಕರ್ನಾಟಕದಲ್ಲಿ ಮಾತ್ರ ಲೆಕ್ಕ ಉಲ್ಟಾ. 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಕಳೆದುಕೊಂಡ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಇನ್ನೊಂದು ಯಾವುದು ಗೊತ್ತಾ? ನಾವೀಗ ಸೇರಿರುವ ಇದೇ ಹಾಸನ. ಚಿಕ್ಕಮಗಳೂರು, ಹಾಸನ ಪಕ್ಕಪಕ್ಕದ ಎರಡು ಜಿಲ್ಲೆ, ಎರಡೂ ಕಡೆ ಕಾಫಿ, ಎರಡೂ ಕಡೆ ಅದೇ ಮಳೆ, ಆದರೂ ಒಂದು ಇಂದಿರಾ ಕಡೆ, ಇನ್ನೊಂದು ಅವರ ವಿರುದ್ಧ. ಹೊಳೆನರಸೀಪುರದ ಶಾಸಕ ದೇವೇಗೌಡರು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿದ್ದರು ಅನ್ನುವುದನ್ನು ಹಾಸನದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಜೈಲಿನಲ್ಲಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿ ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇಂದಿರಾ ಅವರನ್ನು ಎಷ್ಟೇ ಮೆಚ್ಚಿದರೂ ಈ ಲೆಕ್ಕವನ್ನು ಅಳಿಸಲು ಆಗುವುದಿಲ್ಲ. ಮೆಚ್ಚುವವರು ಇದನ್ನು ಹೇಳಿಯೇ ಮುಂದೆ ಹೋಗಬೇಕು.

1978ಕ್ಕೆ ಬರೋಣ. ಜನವರಿಯಲ್ಲಿ ಪಕ್ಷ ಒಡೆಯಿತು, ಇಂದಿರಾ ಬಣಕ್ಕೆ ಹಸ್ತದ ಗುರುತು ಬಂತು. ಫೆಬ್ರುವರಿಯ ವಿಧಾನಸಭೆ ಚುನಾವಣೆಯಲ್ಲಿ ಅದೇ ಬಣದ ದೇವರಾಜ ಅರಸು ಗೆದ್ದು ತೋರಿಸಿದರು. ಇಂದಿರಾ ಲೋಕಸಭೆಗೆ ಮರಳಲು ಇದಕ್ಕಿಂತ ಭದ್ರವಾದ ನೆಲ ಇರಲಿಲ್ಲ. ನಮ್ಮ ಸಂಸದರಾಗಿದ್ದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಸೀಟು ಬಿಟ್ಟುಕೊಟ್ಟರು. ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರು. ಅವರ ಮುಂದಿನ ದಾರಿಯೂ ಸ್ವಾರಸ್ಯವೇ: ಜನತಾ ಸರ್ಕಾರದ ಕಾಲದಲ್ಲಿ ವಿಧಾನಸಭೆಯ ಸ್ಪೀಕರ್, ಎಸ್.ಎಂ. ಕೃಷ್ಣ ಸಂಪುಟದಲ್ಲಿ ಕಾನೂನು ಸಚಿವರು, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರು. 2023ರ ನವೆಂಬರ್‌ನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಮೊದಲು ಬರೆದದ್ದು ಮಾತ್ರ ಆ ರಾಜೀನಾಮೆಯ ವಿಷಯ!

ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಮಾಜಿ ಮುಖ್ಯಮಂತ್ರಿ, ಒಳ್ಳೆಯ ಆಡಳಿತಗಾರ ಅಂತ ಹೆಸರಿದ್ದವರು. ಜಾರ್ಜ್ ಫರ್ನಾಂಡಿಸ್ ಪ್ರಚಾರಕ್ಕೆ ಬಂದರು, ದೆಹಲಿಯ ಪತ್ರಕರ್ತರು ಹಿಂಡುಹಿಂಡಾಗಿ ಬಂದರು. ನವೆಂಬರ್ 5ಕ್ಕೆ ಮತದಾನ. ಇಂದಿರಾ 77 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು. (ಅದೇ ಪಾಟೀಲರು ಮುಂದೆ ಇಂದಿರಾ ಪಕ್ಷಕ್ಕೇ ಸೇರಿ, 1989ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ರಾಜಕೀಯ ಅಂದರೆ ಹೀಗೇ ಅಲ್ವಾ.)

ಜನ ಯಾಕೆ ಓಟು ಹಾಕಿದರು? ತುರ್ತು ಪರಿಸ್ಥಿತಿಯನ್ನು ಕ್ಷಮಿಸಿಬಿಟ್ಟರು ಅಂತ ದೂರದಿಂದ ನೋಡಿದವರು ಬರೆದರು. ನನಗೆ ಹಾಗೆ ಅನ್ನಿಸುವುದಿಲ್ಲ. 1974ರ ಮಾರ್ಚ್ 1ರಿಂದ ಹೊಸ ಭೂಸುಧಾರಣಾ ಕಾನೂನು ಜಾರಿಗೆ ಬಂದಿತ್ತು. ಉಳುತ್ತಿದ್ದ ಭೂಮಿಯ ಹಕ್ಕು ಕೇಳಿ ಗೇಣಿದಾರರು ಫಾರಂ 7 ತುಂಬಿಕೊಡಬೇಕು, ಭೂನ್ಯಾಯ ಮಂಡಳಿ ತೀರ್ಮಾನ ಮಾಡಬೇಕು. ಅರ್ಜಿ ಹಾಕುವ ಕೊನೆಯ ದಿನ ಆಮೇಲೆ 1979ರ ಜೂನ್ 30ರವರೆಗೂ ಹೋಯಿತು. ಗೇಣಿ ಕೊಟ್ಟು ಕೊಟ್ಟು ಬೆನ್ನು ಬಾಗಿದ ಮನೆಗಳಿಗೆ ಆ ಫಾರಮ್ಮಿನ ಬೆಲೆ ಏನು ಅಂತ ದೆಹಲಿಯ ಪತ್ರಕರ್ತರಿಗೆ ಗೊತ್ತಾಗುವುದು ಕಷ್ಟ. ಜೊತೆಗೆ ಮನೆ ನಿವೇಶನ, ಜೀತ ವಿಮುಕ್ತಿ ಇದ್ದವು. ಕೆಲಸ ಮಾಡಿಸಿದ್ದು ಅರಸು, ಪುಣ್ಯ ಬರೆದದ್ದು ಇಂದಿರಮ್ಮನ ಖಾತೆಗೆ. 1979ರಲ್ಲಿ ಇಬ್ಬರೂ ಬೇರೆಯಾದರು, 1980ರ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಇಂದಿರಾ ಪಾಲಾದವು. ಅರಸು ಅವರಿಗೆ ಒಂದೂ ಬರಲಿಲ್ಲ. ಇದು ಅನ್ಯಾಯ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಇನ್ನೊಂದು ಮಾತು. ಒಬ್ಬರ ಹತ್ತಿರ ಇಷ್ಟೇ ಭೂಮಿ ಇರಬೇಕು ಅನ್ನುವ ಆ ಕಾನೂನಿನ ಮಿತಿ ಕಾಫಿ, ಏಲಕ್ಕಿ, ಮೆಣಸಿನ ತೋಟಗಳಿಗೆ ಅನ್ವಯಿಸುತ್ತಿರಲಿಲ್ಲ. ಗದ್ದೆ ಉಳುವವನಿಗೆ ಹೋಯಿತು, ಎಸ್ಟೇಟು ಎಸ್ಟೇಟಾಗಿಯೇ ಉಳಿಯಿತು. ಎಸ್ಟೇಟಿನ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಯಲ್ಲಿದ್ದವರು ಇಂದಿರಮ್ಮನಿಗೆ ಓಟು ಹಾಕಿ ಮರುದಿನ ಅದೇ ಲೈನಿನಿಂದ ಕೊಯ್ಲಿಗೆ ಹೋದರು.

ಗೆದ್ದವರು ಎಷ್ಟು ದಿನ ನಮ್ಮ ಸಂಸದೆಯಾಗಿದ್ದರು? ಆರು ವಾರ ಅಷ್ಟೇ. ಮಾರುತಿ ಕಂಪನಿಯ ಬಗ್ಗೆ ಲೋಕಸಭೆಯ ಪ್ರಶ್ನೆಯೊಂದಕ್ಕೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅವರು ಪ್ರಧಾನಿಯಾಗಿದ್ದಾಗ ಕಿರುಕುಳ ಕೊಡಿಸಿದರು ಅನ್ನುವ ಹಕ್ಕುಚ್ಯುತಿ ಪ್ರಕರಣದಲ್ಲಿ, ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೆ ಕಳಿಸಿತು. 1980ರಲ್ಲಿ ಅವರು ನಿಂತದ್ದು ರಾಯ್ ಬರೇಲಿ ಮತ್ತು ಮೇದಕ್‌ನಲ್ಲಿ. ಉಚ್ಚಾಟನೆಯ ನಿರ್ಣಯವನ್ನು 1981ರಲ್ಲಿ ಮುಂದಿನ ಲೋಕಸಭೆ ರದ್ದು ಮಾಡಿತು, ಆಗ ಅವರು ಮೇದಕ್‌ನ ಸಂಸದೆ. 1984ರ ಅಕ್ಟೋಬರ್ 31ಕ್ಕೆ ಹತ್ಯೆಯಾದಾಗಲೂ ಅಷ್ಟೇ.

ಹಾಗಾದರೆ ಮಲೆನಾಡಿನಲ್ಲಿ ಇಂದಿರಾ ಎಲ್ಲಿದ್ದಾರೆ? ನನ್ನ ಪ್ರಕಾರ ಎರಡು ಕಾನೂನುಗಳಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ. ನಮ್ಮ ಜಿಲ್ಲೆಯ ಮುತ್ತೋಡಿಯ ಕಾಡಿನಲ್ಲಿ ಇವತ್ತು ಹುಲಿ ಇದೆ ಅಂದರೆ ಅದರ ಹಿಂದೆ ಇವೆ ಈ ಕಾನೂನುಗಳು. ಸಕಲೇಶಪುರ, ಆಲೂರಿನ ಕಡೆ ತೋಟಕ್ಕೆ ನುಗ್ಗಿದ ಆನೆಯನ್ನು ಹಿಡಿಯಬೇಕಾದರೆ ಅನುಮತಿಗೆ ಕಾಯಬೇಕು, ಅದರ ಹಿಂದೆಯೂ ಇದೇ ಕಾನೂನು. ಕಾಡಿನೊಳಗಿನ ಹಳ್ಳಿಗೆ ರಸ್ತೆ ಮಾಡಬೇಕಾದರೆ ಫೈಲು ಕೇಂದ್ರ ಸರ್ಕಾರದವರೆಗೂ ಹೋಗಬೇಕು, ಅದಕ್ಕೆ ಕಾರಣ 1980ರ ಕಾಯ್ದೆ. ಕಾಡು ಉಳಿದದ್ದಕ್ಕೆ ಸಂತೋಷ, ಕಾಯುವವರ ಕಷ್ಟಕ್ಕೆ ಬೇಸರ, ನನಗಂತೂ ಎರಡೂ ಇವೆ.

ಇನ್ನು ಕುದುರೆಮುಖ. ವನ್ಯಜೀವಿ ಕಾಯ್ದೆ ತಂದ ಅದೇ ಸರ್ಕಾರ, 1976ರಲ್ಲಿ ಸಿಂಗಳೀಕಗಳ ಮನೆಯಾದ ಶೋಲಾ ಕಾಡಿನ ನಡುವೆ, ಭದ್ರಾ ಹುಟ್ಟುವ ಬೆಟ್ಟಗಳ ಪಕ್ಕದಲ್ಲೇ ಕಬ್ಬಿಣದ ಅದಿರಿನ ಕಂಪನಿ ಶುರು ಮಾಡಿತು. ಇರಾನಿನ ಶಾ ದುಡ್ಡು ಕೊಡಬೇಕಿತ್ತು, ಅದಿರು ಅಲ್ಲಿಗೇ ಹೋಗಬೇಕಿತ್ತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಗಿರಾಕಿಯೇ ಇಲ್ಲದಂತಾಯಿತು. ಆದರೂ ಗಣಿ ನಡೆಯಿತು, ಅದಿರು ಕೆಸರಾಗಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಯಿತು, ಉಳಿದ ಹೂಳು ಲಖ್ಯಾ ಅಣೆಕಟ್ಟೆಯ ಹಿಂದೆ ಗುಡ್ಡೆ ಬಿತ್ತು. ನೂರಾರು ಮನೆಗಳಿಗೆ ಅನ್ನ ಕೊಟ್ಟದ್ದೂ ನಿಜ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ನಿಲ್ಲಿಸಲು ಹೋರಾಡಿದವರ ಕೈಯಲ್ಲಿದ್ದದ್ದು ಆಕೆಯ ಕಾಲದ ಅರಣ್ಯ ಕಾನೂನುಗಳೇ. ತಾನೇ ಶುರು ಮಾಡಿಸಿದ ಗಣಿಯನ್ನು ತನ್ನದೇ ಕಾನೂನು ಮುಚ್ಚಿಸಿತು ಅನ್ನುವ ಈ ಕಥೆ, ಆ ಘೋಷಣೆಗಿಂತ ಇಂದಿರಾ ಗಾಂಧಿಯವರನ್ನು ನನಗೆ ಚೆನ್ನಾಗಿ ಅರ್ಥ ಮಾಡಿಸಿದೆ.

ಕೇಳಿದ್ದಕ್ಕೆ ವಂದನೆ. ನಮಸ್ಕಾರ.