ಹಗ್ಗದ ಇನ್ನೊಂದು ತುದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೆಂಚು ಬದಲಿಸಲು ಮಾಡು ಹತ್ತಿದವರು, ಕಾರ್ಖಾನೆಯ ಛಾವಣಿಗೆ ತಗಡು ಹೊದಿಸುವವರು, ಸೋಲಾರ್ ಪ್ಯಾನೆಲ್ ಕೂರಿಸುವವರು, ಸೋರುವ ಬಿರುಕು ಮುಚ್ಚುವವರು, ಇವರೆಲ್ಲರ ಕಸುಬು ಬೇರೆ ಬೇರೆಯಾದರೂ ಕಾಲ ಕೆಳಗಿನ ಅಪಾಯ ಒಂದೇ. ಅವರ ಸುರಕ್ಷತೆಯ ಪ್ರಸ್ತಾಪ ಬಂದಾಗ ಎಲ್ಲರಿಗಿಂತ ಮೊದಲು ಕೇಳಿಬರುವ ಮಾತು, ‘ಬೆಲ್ಟು ಕೊಟ್ಟಿದ್ದೇವೆ’ ಎಂಬುದು. ಆ ಬೆಲ್ಟಿನಿಂದ ಹೊರಟ ಹಗ್ಗದ ಇನ್ನೊಂದು ತುದಿಯನ್ನು ಯಾವುದಕ್ಕೆ ಸಿಕ್ಕಿಸಿದ್ದೀರಿ ಎಂದು ಕೇಳಿದರೆ ಮಾತ್ರ ಅಷ್ಟೇ ಬೇಗ ಉತ್ತರ ಬರುವುದಿಲ್ಲ. ನಾನು ಇಂದು ಮಾತನಾಡಬೇಕೆಂದಿರುವುದು ಆ ತುದಿಯ ಬಗ್ಗೆ. ಆ ತುದಿ ಸೇರುವ ಜಾಗವನ್ನು ಆಧಾರ ಬಿಂದು ಎನ್ನಬಹುದು. ಕೆಲಸಗಾರರ ಬಾಯಲ್ಲಿ ಅದು ಆ್ಯಂಕರ್.

ಬೀಳುವುದು ಎಷ್ಟು ಬೇಗ ನಡೆದುಹೋಗುತ್ತದೆ ಎಂಬುದನ್ನು ನಾವು ಸರಿಯಾಗಿ ಊಹಿಸುವುದಿಲ್ಲ. 2 ಮೀಟರ್ ಕೆಳಗೆ ಬೀಳಲು ಸುಮಾರು 0.64 ಸೆಕೆಂಡು ಸಾಕು, ಅಷ್ಟರಲ್ಲಿ ಬೀಳುವವರ ವೇಗ ಗಂಟೆಗೆ 22 ಕಿಲೋಮೀಟರ್ ದಾಟಿರುತ್ತದೆ. ‘ಜಾರಿದರೆ ಏನನ್ನಾದರೂ ಹಿಡಿದುಕೊಳ್ಳುತ್ತೇನೆ’ ಎಂದು ಅನುಭವಿಗಳೂ ಹೇಳುವುದುಂಟು. ಆದರೆ ಜಾರಿದ್ದು ಅರಿವಿಗೆ ಬಂದು, ಕೈ ಚಾಚಿ, ಹಿಡಿತ ಬಿಗಿಯಾಗುವಷ್ಟು ಹೊತ್ತನ್ನು ಭೂಮಿ ಯಾರಿಗೂ ಕೊಡುವುದಿಲ್ಲ.

ಇನ್ನು, ಬಿದ್ದವರನ್ನು ಹಗ್ಗ ತಡೆದು ನಿಲ್ಲಿಸುವ ಗಳಿಗೆ. ಉಪಕರಣಗಳೂ ಸೇರಿ 100 ಕಿಲೋ ತೂಗುವ ಒಬ್ಬರು 2 ಮೀಟರ್ ಬಿದ್ದರು ಎನ್ನೋಣ. ಹಿಗ್ಗದ ಹಗ್ಗವೊಂದು ಅವರನ್ನು ಕೇವಲ 10 ಸೆಂಟಿಮೀಟರ್ ದೂರದೊಳಗೆ ಗಕ್ಕನೆ ನಿಲ್ಲಿಸಿದರೆ ದೇಹದ ಮೇಲೂ ಆ್ಯಂಕರಿನ ಮೇಲೂ ಬೀಳುವ ಎಳೆತ ಸರಾಸರಿ 2 ಟನ್ ತೂಕಕ್ಕೆ ಸಮ. ಅದೇ ಬೀಳುವಿಕೆಯನ್ನು 1 ಮೀಟರ್ ದೂರದಲ್ಲಿ ಮೆಲ್ಲಗೆ ತಡೆದು ನಿಲ್ಲಿಸಿದರೆ ಎಳೆತ 300 ಕಿಲೋ ತೂಕದ ಆಸುಪಾಸಿಗೆ ಇಳಿಯುತ್ತದೆ. ಲ್ಯಾನ್ಯಾರ್ಡ್ ಎಂಬ ಗಿಡ್ಡ ಹಗ್ಗದ ಜೊತೆಗಿರುವ ಚಿಕ್ಕ ಚೀಲದಂಥ ಶಾಕ್ ಅಬ್ಸಾರ್ಬರ್ ಮಾಡುವ ಕೆಲಸ ಇಷ್ಟೇ. ಅದರೊಳಗೆ ಮಡಿಸಿ ಹೊಲಿದಿಟ್ಟ ಪಟ್ಟಿಯ ಹೊಲಿಗೆಗಳು ಒಂದೊಂದಾಗಿ ಬಿಚ್ಚುತ್ತಾ ಬೀಳುವಿಕೆಯ ರಭಸವನ್ನು ನುಂಗಿಕೊಳ್ಳುತ್ತವೆ. ದೇಹಕ್ಕೆ ತಗಲುವ ಎಳೆತ 6 ಕಿಲೋನ್ಯೂಟನ್, ಅಂದರೆ ಸುಮಾರು 600 ಕಿಲೋ ತೂಕವನ್ನು ಮೀರಬಾರದು ಎಂಬುದು ಈ ಸಾಧನಕ್ಕೆ ಯುರೋಪಿನ ಮಾನದಂಡ ಹಾಕಿರುವ ಮಿತಿ. ಆ್ಯಂಕರ್ ಇದರ ದುಪ್ಪಟ್ಟನ್ನಾದರೂ ತಾಳಬೇಕೆಂಬುದು ಅಲ್ಲಿಯ ಲೆಕ್ಕ. ಇಎನ್ 795 ಎಂಬ ಮಾನದಂಡದ ಪ್ರಕಾರ ಲೋಹದ ಆ್ಯಂಕರನ್ನು 12 ಕಿಲೋನ್ಯೂಟನ್ ಬಲದಿಂದ 3 ನಿಮಿಷ ಎಳೆದು ಪರೀಕ್ಷಿಸುತ್ತಾರೆ. ಅಮೆರಿಕದ ನಿಯಮ ಇನ್ನೂ ಬಿಗಿಯಾದದ್ದು: ಪ್ರತ್ಯೇಕ ಎಂಜಿನಿಯರಿಂಗ್ ಲೆಕ್ಕಾಚಾರ ಇಲ್ಲದ ಕಡೆ, ಒಂದು ಆ್ಯಂಕರಿಗೆ ಸಿಕ್ಕಿಸಿಕೊಂಡ ಪ್ರತಿಯೊಬ್ಬರಿಗೂ 5,000 ಪೌಂಡ್, ಅಂದರೆ ಸುಮಾರು 22 ಕಿಲೋನ್ಯೂಟನ್ ತಾಳುವ ಶಕ್ತಿ ಇರಬೇಕು.

ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಯಾವುದಾದರೂ ಛಾವಣಿಯನ್ನು ನೋಡಿ. ಹಗ್ಗ ಕಟ್ಟಲು ಕೈಗೆ ಸಿಗುವ ವಸ್ತುಗಳು ಯಾವುವು? ನೀರಿನ ಪೈಪು, ಆ್ಯಂಟೆನಾದ ಕಂಬ, ಮಳೆನೀರಿನ ದೋಣಿ, ಹೊಗೆಗೂಡು, ಇಟ್ಟಿಗೆಯ ಪ್ಯಾರಪೆಟ್ ಗೋಡೆ, ಸೋಲಾರ್ ಪ್ಯಾನೆಲಿನ ಅಲ್ಯೂಮಿನಿಯಂ ಪಟ್ಟಿ. ಕೈಯಿಂದ ಅಲುಗಿಸಿದರೆ ಇವೆಲ್ಲ ಗಟ್ಟಿಯಾಗಿಯೇ ಇರುವಂತೆ ತೋರುತ್ತವೆ. ಆದರೆ ಕೈಯ ಬಲಕ್ಕೂ 600 ಕಿಲೋದ ಎಳೆತಕ್ಕೂ ಹೋಲಿಕೆಯೇ ಇಲ್ಲ. ಇಟ್ಟಿಗೆಯ ಗೋಡೆ ಮೇಲಿನಿಂದ ಬರುವ ಭಾರವನ್ನು ಹೊರಲು ಕಟ್ಟಿದ್ದು. ಅಡ್ಡಲಾಗಿ ಎಳೆದರೆ ಅದು ಬಿದ್ದವರ ಹಿಂದೆಯೇ ಕುಸಿದು ಮೈಮೇಲೆ ಬರಬಹುದು. ಅಲುಗಿಸಿ ನೋಡಿ ನಂಬುವ ಈ ರೂಢಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ, ಏಕೆಂದರೆ ಆಧಾರವೇ ಇಲ್ಲದಿದ್ದಾಗ ಎಚ್ಚರದಿಂದ ಹೆಜ್ಜೆಯಿಡುವ ಮನುಷ್ಯನಿಗೆ ಅದು ಸುಳ್ಳು ಧೈರ್ಯ ತುಂಬಿ ಅಂಚಿನವರೆಗೆ ಕರೆದೊಯ್ಯುತ್ತದೆ.

ಆ್ಯಂಕರ್ ನಿಲ್ಲಬೇಕಾದದ್ದು ಕಟ್ಟಡದ ಭಾರ ಹೊರುವ ಅಂಗಗಳ ಮೇಲೆ: ಕಾಂಕ್ರೀಟಿನ ಸ್ಲ್ಯಾಬು, ಉಕ್ಕಿನ ತೊಲೆ, ಮರದ ಮಾಡಾದರೆ ಗಟ್ಟಿಯಾದ ಜಂತಿ. ಹೆಂಚಿನ ಕೆಳಗಿನ ರೀಪಿಗೆ ಮೊಳೆ ಹೊಡೆದು ಕೂರಿಸಿದ್ದು ಆ್ಯಂಕರ್ ಅಲ್ಲ. ಬರೀ ತಗಡಿಗೆ ಬಿಗಿದ ಸ್ಕ್ರೂ ಕೂಡ ಅಲ್ಲ. ತಗಡಿನ ಮೇಲೆಯೇ ಕೂರಿಸಲೆಂದು ತಯಾರಿಸಿದ ಆ್ಯಂಕರುಗಳಿವೆ, ಆದರೆ ಅವನ್ನು ತಯಾರಕರು ಹೇಳಿದ ದಪ್ಪದ, ಹೇಳಿದ ನಮೂನೆಯ ತಗಡಿಗೆ ಹೇಳಿದಷ್ಟೇ ಸಂಖ್ಯೆಯ ರಿವೆಟ್ಟುಗಳಿಂದ ಬಿಗಿದಾಗ ಮಾತ್ರ ನಂಬಬಹುದು.

ಕಾಂಕ್ರೀಟಿನಲ್ಲಿ ಕೆಮಿಕಲ್ ಆ್ಯಂಕರ್, ಅಂದರೆ ರಂಧ್ರಕ್ಕೆ ಅಂಟು ತುಂಬಿ ನಿಲ್ಲಿಸುವ ಬೋಲ್ಟು ಕೂರಿಸುವವರು ಒಂದು ಸಣ್ಣ ಕೆಲಸವನ್ನು ಬಹಳ ಸಲ ಬಿಟ್ಟುಬಿಡುತ್ತಾರೆ. ಡ್ರಿಲ್ ಮಾಡಿದ ರಂಧ್ರದೊಳಗೆ ಹಿಟ್ಟಿನಂಥ ಧೂಳು ತುಂಬಿರುತ್ತದೆ. ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ, ಮತ್ತೆ ಉಜ್ಜಿ ಅದನ್ನು ಪೂರ್ತಿ ತೆಗೆಯದೆ ಅಂಟನ್ನು ತುಂಬಿದರೆ, ಅಂಟು ಕಾಂಕ್ರೀಟನ್ನು ಹಿಡಿಯುವ ಬದಲು ಧೂಳನ್ನು ಹಿಡಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಧೂಳು ತೆಗೆದು ಕೂರಿಸಿದ ಬೋಲ್ಟೂ ತೆಗೆಯದೆ ಕೂರಿಸಿದ ಬೋಲ್ಟೂ ಒಂದೇ. ಅಂಟು ಗಟ್ಟಿಯಾಗಲು ಬೇಕಾದ ಸಮಯವೂ ಹವೆಯ ಮೇಲೆ ನಿಂತಿದೆ, ಚಳಿಯಲ್ಲಿ ಅದು ಹೆಚ್ಚು ಹೊತ್ತು ಹಿಡಿಯುತ್ತದೆ. ಸ್ಲ್ಯಾಬಿನ ಅಂಚಿಗೆ ತೀರ ಹತ್ತಿರದಲ್ಲಿ ರಂಧ್ರ ಕೊರೆದರೆ ಬೋಲ್ಟು ಗಟ್ಟಿಯಾಗಿದ್ದರೂ ಕಾಂಕ್ರೀಟೇ ತುಂಡಾಗಿ ಕಿತ್ತುಬರುತ್ತದೆ. ಆದ್ದರಿಂದ ಕೂರಿಸಿದ ಬೋಲ್ಟುಗಳನ್ನು ಅಳತೆಯ ಉಪಕರಣದಿಂದ ಎಳೆದು ಪರೀಕ್ಷಿಸಿ, ಯಾರು ಯಾವಾಗ ಪರೀಕ್ಷಿಸಿದರು ಎಂಬುದನ್ನು ಬರೆದಿಡುವುದು ಕಾಗದದ ಶಾಸ್ತ್ರವಲ್ಲ. ಮುಂದಿನ ವರ್ಷ ಆ ಛಾವಣಿ ಹತ್ತುವ ಅಪರಿಚಿತರಿಗೆ ಆ ಬೋಲ್ಟಿನ ಬಗ್ಗೆ ಸಿಗುವ ಸಾಕ್ಷ್ಯ ಅದೊಂದೇ.

ಯಾವ ಭಾರಕ್ಕೆಂದು ಲೆಕ್ಕ ಹಾಕಿದ್ದೇವೋ ಅದಕ್ಕೆ ಮಾತ್ರ ಒಂದು ರಕ್ಷಣೆ ಒದಗುತ್ತದೆ ಎಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯನ್ನು ಕಟ್ಟುವಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದ್ದರು. ಆಗಿನ ಕಾಲಕ್ಕೆ ಅದು ಅಪರೂಪದ, ದುಬಾರಿ ಏರ್ಪಾಡು. ಬಿದ್ದ 19 ಕಾರ್ಮಿಕರನ್ನು ಆ ಬಲೆ ಉಳಿಸಿತು. ಆದರೆ 1937ರ ಫೆಬ್ರವರಿ 17ರಂದು ಟನ್ನುಗಟ್ಟಲೆ ಭಾರದ ಅಟ್ಟಣಿಗೆಯೊಂದು ಕಳಚಿ ಅದರ ಮೇಲೆ ಬಿದ್ದಾಗ ಬಲೆ ಹರಿದು 10 ಮಂದಿ ಪ್ರಾಣ ಕಳೆದುಕೊಂಡರು. ಮನುಷ್ಯರನ್ನು ಹಿಡಿಯಲು ಕಟ್ಟಿದ ಬಲೆಗೆ ಅಟ್ಟಣಿಗೆಯನ್ನು ಹಿಡಿಯಲು ಸಾಧ್ಯವಿರಲಿಲ್ಲ. ಒಬ್ಬರಿಗೆಂದು ಕೂರಿಸಿದ ಆ್ಯಂಕರಿಗೆ ಮೂವರು ಹುಕ್ಕು ಸಿಕ್ಕಿಸುವುದನ್ನು ನೋಡಿದಾಗಲೆಲ್ಲ ನನಗೆ ಈ ಘಟನೆ ನೆನಪಾಗುತ್ತದೆ.

ಆ್ಯಂಕರ್ ಗಟ್ಟಿಯಾಗಿದ್ದರೂ ಸಾಲದು, ಅದು ಸರಿಯಾದ ಜಾಗದಲ್ಲಿರಬೇಕು. ನಿಮ್ಮ ಪಾದದ ಮಟ್ಟದಲ್ಲಿರುವ ಆ್ಯಂಕರಿಗೆ 2 ಮೀಟರ್ ಉದ್ದದ ಲ್ಯಾನ್ಯಾರ್ಡ್ ಸಿಕ್ಕಿಸಿದ್ದೀರಿ ಎಂದುಕೊಳ್ಳಿ. ನೀವು ಬಿದ್ದರೆ ಮೊದಲು ಆ 2 ಮೀಟರ್ ಹಗ್ಗ ಪೂರ್ತಿ ಬಿಗಿಯಾಗಬೇಕು. ಆಮೇಲೆ ಶಾಕ್ ಅಬ್ಸಾರ್ಬರ್ ಹೆಚ್ಚೆಂದರೆ 1.75 ಮೀಟರ್ ಬಿಚ್ಚಿಕೊಳ್ಳಬಹುದು. ಹಗ್ಗ ಸೇರುವ ಬೆನ್ನಿನ ಕೊಂಡಿಯಿಂದ ನಿಮ್ಮ ಪಾದದವರೆಗೆ ಸುಮಾರು 1.5 ಮೀಟರ್. ಪಾದ ನೆಲಕ್ಕೆ ಬಡಿಯದಂತೆ ಕೆಳಗೆ ಇನ್ನೂ 1 ಮೀಟರ್ ಖಾಲಿ ಉಳಿಯಬೇಕು. ಕೂಡಿದರೆ 6.25 ಮೀಟರ್. ನೆಲದಿಂದ 4 ಮೀಟರ್ ಎತ್ತರದ ಸೂರಂಚಿನಲ್ಲಿ ಕೆಲಸ ಮಾಡುವವರು ಇದೇ ಸಾಮಗ್ರಿಯನ್ನು ಹೀಗೆಯೇ ತೊಟ್ಟರೆ, ಎಲ್ಲವೂ ಹೇಳಿದಂತೆಯೇ ಕೆಲಸ ಮಾಡಿದರೂ, ಅವರು ನೆಲಕ್ಕೆ ಬಡಿದೇ ಬಡಿಯುತ್ತಾರೆ. ಒಂದಂತಸ್ತಿನ ಮನೆಗಳ ಮೇಲೆ ದುಡಿಯುವವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ ಎಂಬುದು ನನ್ನ ಮನಸ್ಸನ್ನು ಬಹಳ ಕಾಡುವ ಸಂಗತಿ.

ಹಾಗಾದರೆ ಅವರು ಏನು ಮಾಡಬೇಕು? ಬಿದ್ದ ಮೇಲೆ ಹಿಡಿಯುವ ಹಗ್ಗಕ್ಕಿಂತ ಬೀಳುವ ಜಾಗಕ್ಕೇ ಹೋಗಗೊಡದ ಹಗ್ಗ ಮೇಲು. ಅಂಚಿಗೆ ಒಂದು ಹೆಜ್ಜೆ ಇರುವಾಗಲೇ ಬಿಗಿಯಾಗಿ ನಿಲ್ಲುವಷ್ಟು ಗಿಡ್ಡದಾಗಿ ಅದನ್ನು ಅಳತೆ ಮಾಡಿದರೆ, ಕೆಳಗೆ ಎಷ್ಟು ಖಾಲಿ ಜಾಗವಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕಿಂತಲೂ ಮೇಲಾದದ್ದು ಅಂಚಿನುದ್ದಕ್ಕೂ ಕಟ್ಟಿದ ಕಂಬಿಯ ತಡೆ ಅಥವಾ ಸುತ್ತಲೂ ಎಬ್ಬಿಸಿದ ಸಾರುವೆ, ಏಕೆಂದರೆ ಅದು ಯಾರ ನೆನಪನ್ನೂ, ಯಾರ ಹುಕ್ಕನ್ನೂ ಅವಲಂಬಿಸದೆ ಎಲ್ಲರನ್ನೂ ಕಾಯುತ್ತದೆ. ಎಲ್ಲಕ್ಕಿಂತ ಮೇಲಾದದ್ದು, ನೆಲದ ಮೇಲೆಯೇ ಮಾಡಿ ಮುಗಿಸಬಹುದಾದ ಕೆಲಸಕ್ಕೆ ಛಾವಣಿ ಹತ್ತದಿರುವುದು.

ಅಂಚಿಗೆ ಹೋಗಗೊಡದ ಹಗ್ಗದಲ್ಲಿಯೂ ಒಂದು ಸೂಕ್ಷ್ಮವಿದೆ. ಆ್ಯಂಕರಿನಿಂದ ಅಂಚಿಗೆ ನೇರವಾಗಿ 3 ಮೀಟರ್ ದೂರವಿದೆ, ಕೆಲಸ ಇರುವುದು ಅಂಚಿನುದ್ದಕ್ಕೆ ಇನ್ನೂ 4 ಮೀಟರ್ ಆಚೆ ಎನ್ನೋಣ. ಅಲ್ಲಿಗೆ ಓರೆಯಾಗಿ ತಲುಪಲು 5 ಮೀಟರ್ ಹಗ್ಗ ಬೇಕು. ಆ ಹಗ್ಗ ಅಲ್ಲಿ ಬಿಗಿಯಾಗಿದ್ದು ಸುರಕ್ಷಿತವೆಂದೇ ಕಾಣುತ್ತದೆ. ಆದರೆ ಅಲ್ಲಿ ಕಾಲು ತಪ್ಪಿ ಅಂಚಿನಾಚೆ ಬಿದ್ದವರು ಗಡಿಯಾರದ ಲೋಲಕದಂತೆ ಆ್ಯಂಕರಿನ ನೇರಕ್ಕೆ ತೂಗಿಕೊಂಡು ಬರುತ್ತಾರೆ, ಬರುತ್ತಾ ಛಾವಣಿಯ ಅಂಚಿನಿಂದ 2 ಮೀಟರ್ ಕೆಳಕ್ಕೆ ಇಳಿದಿರುತ್ತಾರೆ. ಹೀಗೆ ತೂಗಿ ಗೋಡೆಗೋ ಕಂಬಕ್ಕೋ ಬಡಿದರೆ, ಅಷ್ಟೇ ಎತ್ತರದಿಂದ ಬಿದ್ದಂತೆಯೇ ಪೆಟ್ಟು ಬೀಳುತ್ತದೆ. ಅಷ್ಟು ಹೊತ್ತೂ ಹಗ್ಗ ತಗಡಿನ ಹರಿತವಾದ ಅಂಚಿನ ಮೇಲೆ ಗರಗಸಕ್ಕೆ ಸಿಕ್ಕಂತೆ ಉಜ್ಜುತ್ತಿರುತ್ತದೆ. ಆದ್ದರಿಂದ ದೊಡ್ಡ ಛಾವಣಿಗೆ ಒಂದೇ ಆ್ಯಂಕರ್ ಸಾಲುವುದಿಲ್ಲ. ಕೆಲಸ ಸರಿದಂತೆ ಆಧಾರವೂ ಸರಿಯಬೇಕು, ಇಲ್ಲವೇ ಮಧ್ಯೆ ಮಧ್ಯೆ ಹಗ್ಗವನ್ನು ತಿರುಗಿಸಿ ಹಿಡಿಯುವ ಬೇರೆ ಆ್ಯಂಕರುಗಳಿರಬೇಕು.

ಎರಡು ತುದಿಗಳ ನಡುವೆ ಉದ್ದಕ್ಕೆ ತಂತಿ ಎಳೆದು, ಹುಕ್ಕನ್ನು ಅದರ ಮೇಲೆ ಜಾರಿಸುತ್ತಾ ನಡೆಯುವ ಲೈಫ್‌ಲೈನ್ ಇದಕ್ಕೊಂದು ಪರಿಹಾರ. ಅದನ್ನು ಸ್ವಂತ ಅಂದಾಜಿನಿಂದ ಕಟ್ಟಬಾರದು. ಬಟ್ಟೆ ಒಣಗಿಸುವ ಹಗ್ಗವನ್ನು ಬಿಗಿಯಾಗಿ ಕಟ್ಟಿ ನಡುವೆ ಒಂದು ಒದ್ದೆ ಕಂಬಳಿ ಹಾಕಿದರೆ ಗೋಡೆಯ ಮೊಳೆ ಕಿತ್ತುಬರುವುದನ್ನು ನೀವು ಕಂಡಿರಬಹುದು. ಹಗ್ಗ ಬಿಗಿಯಾಗಿದ್ದಷ್ಟೂ ತುದಿಯ ಎಳೆತ ಹೆಚ್ಚು. ತಂತಿಯ ನಡುವೆ 6 ಕಿಲೋನ್ಯೂಟನ್ ಎಳೆತ ಬಿದ್ದಾಗ ಅದು 15 ಡಿಗ್ರಿ ಬಾಗಿದರೆ ತುದಿಯ ಆ್ಯಂಕರುಗಳಿಗೆ ಸುಮಾರು 12 ಕಿಲೋನ್ಯೂಟನ್ ತಗಲುತ್ತದೆ. ಕೇವಲ 5 ಡಿಗ್ರಿ ಬಾಗಿದರೆ ಅದು 34 ಕಿಲೋನ್ಯೂಟನ್ ದಾಟುತ್ತದೆ. ಬಿಗಿಯಾಗಿ ಎಳೆದ ತಂತಿ ನೋಡಲು ಅಚ್ಚುಕಟ್ಟಾಗಿ ಕಾಣುವುದರಿಂದ ಈ ತಪ್ಪು ಸುಲಭವಾಗಿ ನಡೆಯುತ್ತದೆ.

ತೊಡುವ ಸಾಮಗ್ರಿಯ ಬಗ್ಗೆ ಬೇಗನೆ ಹೇಳಿಬಿಡುತ್ತೇನೆ. ಸೊಂಟಕ್ಕಷ್ಟೇ ಕಟ್ಟುವ ಬೆಲ್ಟು ಬೀಳುವವರನ್ನು ಹಿಡಿಯುವುದಕ್ಕಲ್ಲ. ಅದರ ಎಳೆತ ಹೊಟ್ಟೆಯ ಅಂಗಗಳನ್ನೂ ಬೆನ್ನುಹುರಿಯನ್ನೂ ಘಾಸಿಗೊಳಿಸುತ್ತದೆ. ಅಮೆರಿಕದಲ್ಲಿ 1998ರ ಜನವರಿ 1ರಿಂದ ಬೀಳುವವರನ್ನು ತಡೆಯಲು ಅದರ ಬಳಕೆಗೆ ಅವಕಾಶವಿಲ್ಲ. ಬೇಕಾದದ್ದು ಭುಜ, ಎದೆ, ತೊಡೆಗಳನ್ನು ಸುತ್ತುವ, ಬೆನ್ನಿನ ಮೇಲ್ಭಾಗದಲ್ಲಿ ಕೊಂಡಿಯಿರುವ ಪೂರ್ಣ ಹಾರ್ನೆಸ್. ತೊಡೆಯ ಪಟ್ಟಿಯೊಳಗೆ ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಬಿಸಿಲು, ಸಿಮೆಂಟು, ವೆಲ್ಡಿಂಗಿನ ಕಿಡಿ ಇವು ಪಟ್ಟಿಯನ್ನು ಸದ್ದಿಲ್ಲದೆ ತಿನ್ನುವುದರಿಂದ, ಪ್ರತಿ ಸಲ ತೊಡುವ ಮೊದಲು ಪಟ್ಟಿಯನ್ನು ಬೆರಳುಗಳ ನಡುವೆ ಬಾಗಿಸಿ ನೋಡಬೇಕು. ಹಗ್ಗ ಉದ್ದವಾಯಿತೆಂದು ಗಂಟು ಹಾಕಿದರೆ ಅದರ ಬಲ ಗಣನೀಯವಾಗಿ ತಗ್ಗುತ್ತದೆ.

ಬೀಳುವುದು ಅಂಚಿನಿಂದ ಮಾತ್ರವೂ ಅಲ್ಲ. ಹಳೆಯ ಸಿಮೆಂಟ್ ಶೀಟುಗಳು, ಬೆಳಕಿಗೆಂದು ಕೂರಿಸಿದ ಪ್ಲಾಸ್ಟಿಕ್ ಶೀಟುಗಳು ಮನುಷ್ಯನ ಭಾರಕ್ಕೆ ಮುನ್ಸೂಚನೆಯಿಲ್ಲದೆ ಒಡೆಯುತ್ತವೆ, ಬಣ್ಣ ಬಳಿದಿದ್ದರೆ ಅವು ಗುರುತೂ ಸಿಗುವುದಿಲ್ಲ. ಅಂಚಿನ ಲೆಕ್ಕದಲ್ಲಿ ಕಟ್ಟಿದ ಉದ್ದದ ಹಗ್ಗ ಛಾವಣಿಯ ನಡುವೆ ಒಡೆದ ಶೀಟಿನೊಳಗೆ ಬೀಳುವವರನ್ನು ಹಿಡಿಯುವುದಿಲ್ಲ. ಅಂಥಲ್ಲಿ ಅಗಲವಾದ ಹಲಗೆಯ ದಾರಿ ಹಾಸಿ, ಪೊಳ್ಳು ಭಾಗಗಳನ್ನು ಮುಚ್ಚಿ, ಕೆಳಗೆ ಬಲೆ ಕಟ್ಟಬೇಕು.

ಕೊನೆಯದಾಗಿ, ಹಗ್ಗ ಹಿಡಿದುಕೊಂಡ ಮೇಲಿನ ಹೊತ್ತು. ಹಾರ್ನೆಸ್ಸಿನಲ್ಲಿ ಅಲುಗಾಡದೆ ತೂಗುವವರ ಕಾಲುಗಳಲ್ಲಿ ರಕ್ತ ನಿಂತು, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಎಚ್ಚರವಿರುವವರು ಕಾಲುಗಳನ್ನು ಆಡಿಸುತ್ತಿರಬೇಕು. ಹಾರ್ನೆಸ್ಸಿಗೆ ಸಿಕ್ಕಿಸಿಡುವ ಕಾಲ್ಕುಣಿಕೆಯ ಪಟ್ಟಿಯಿದ್ದರೆ ಅದರ ಮೇಲೆ ನಿಂತು ತೊಡೆಗಳ ಒತ್ತಡ ಇಳಿಸಿಕೊಳ್ಳಬೇಕು. ಪೆಟ್ಟುಬಿದ್ದು ಎಚ್ಚರ ತಪ್ಪಿದವರಿಂದ ಇದು ಸಾಧ್ಯವಿಲ್ಲ, ದೂರದಿಂದ ಬರುವ ನೆರವಿಗೆ ಅವರು ಕಾಯಲೂ ಆಗದು. ಆದ್ದರಿಂದ ಒಬ್ಬರೇ ಛಾವಣಿ ಹತ್ತಬಾರದು. ಮೇಲೆ ಹೋಗುವ ಮೊದಲೇ ತೂಗುವವರನ್ನು ಯಾರು, ಯಾವ ಏಣಿಯಿಂದ ಅಥವಾ ಯಾವ ರಾಟೆಯಿಂದ, ಯಾವ ಕಡೆಗೆ ಇಳಿಸಬೇಕು ಎಂಬುದು ನಿರ್ಧಾರವಾಗಿರಬೇಕು, ಆ ಏಣಿಯೂ ರಾಟೆಯೂ ಕೆಲಸದ ಜಾಗದಲ್ಲೇ ಇರಬೇಕು. ಇಳಿಸಿದ ಮೇಲೆ ಆ ಹಾರ್ನೆಸ್, ಲ್ಯಾನ್ಯಾರ್ಡುಗಳನ್ನು ಕತ್ತರಿಸಿ ಬಿಸಾಡಬೇಕು. ಎಳೆತ ತಿಂದ ಆ್ಯಂಕರಿಗೆ, ಬಲ್ಲವರು ಪರೀಕ್ಷಿಸಿ ಒಪ್ಪುವವರೆಗೆ, ಬಳಸಬಾರದೆಂಬ ಚೀಟಿ ಕಟ್ಟಬೇಕು.

ನಮಸ್ಕಾರ.