ಒಂದೇ ಹೆಸರು, ಎರಡು ವೇರಿಯಬಲ್

ಕೇಳುಗರಿಗೆ ನಮಸ್ಕಾರ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತವರು ಇಫ್ ದಾಟುತ್ತಾರೆ, ಫಾರ್ ಲೂಪ್ ದಾಟುತ್ತಾರೆ, ಫಂಕ್ಷನ್ ಬರೆಯುವುದನ್ನೂ ಬೇಗ ಹಿಡಿದುಬಿಡುತ್ತಾರೆ. ಎಡವುವುದು ಸ್ಕೋಪ್‌ನಲ್ಲಿ, ಅಂದರೆ ಯಾವ ವೇರಿಯಬಲ್ ಎಲ್ಲಿಯವರೆಗೆ ಕಾಣುತ್ತದೆ ಎಂಬಲ್ಲಿ. ವೇರಿಯಬಲ್ ಎಂದರೆ ಒಂದು ಬೆಲೆಗೆ ಇಟ್ಟ ಹೆಸರು. ರೇಡಿಯೋದಲ್ಲಿ ಕೋಡ್ ತೋರಿಸುವಂತಿಲ್ಲ. ಸಾಲು ಸಾಲಾಗಿ ಹೇಳುತ್ತೇನೆ, ಪೆನ್ನು ಸಿಕ್ಕರೆ ಬರೆದುಕೊಳ್ಳಿ.

ಡೇರಿಗೆ ಹಾಕಿದ ಹಾಲಿನ ಲೆಕ್ಕ ಇಟ್ಟುಕೊಳ್ಳೋಣ. ಮೊದಲ ಸಾಲು: ಒಟ್ಟು ಸಮ ಸೊನ್ನೆ. ವೇರಿಯಬಲ್‌ಗೆ ಕನ್ನಡ ಹೆಸರೇ ಎಂದು ಗಾಬರಿಯಾಗಬೇಡಿ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಕನ್ನಡ ಲಿಪಿಯ ಹೆಸರೂ ನಡೆಯುತ್ತದೆ. ಡೆಫ್, ರಿಟರ್ನ್ ಥರದ, ಪೈಥಾನ್ ತನಗೇ ಕಾದಿಟ್ಟುಕೊಂಡ ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು.

ಎರಡನೇ ಸಾಲು: ಡೆಫ್ ಸೇರಿಸು, ಬ್ರಾಕೆಟ್‌ನಲ್ಲಿ ಲೀಟರ್, ಕೊನೆಗೆ ಕೋಲನ್. ಇಲ್ಲಿ ಸೇರಿಸು ಎಂಬುದು ಫಂಕ್ಷನ್ನಿನ, ಅಂದರೆ ಹೆಸರು ಹೇಳಿ ಕರೆಯಬಹುದಾದ ಸಾಲುಗಳ ಗುಂಪಿನ, ಹೆಸರು. ಮೂರನೆಯದು ನಾಲ್ಕು ಸ್ಪೇಸ್ ಬಿಟ್ಟು ಒಳಗೆ: ಪ್ರಿಂಟ್, ಬ್ರಾಕೆಟ್‌ನಲ್ಲಿ ಒಟ್ಟು. ಡೆಫ್ ಬರೆದ ಮಾತ್ರಕ್ಕೆ ಒಳಗಿನ ಸಾಲು ಓಡುವುದಿಲ್ಲ, ಫಂಕ್ಷನ್ನನ್ನು ಕರೆಯಬೇಕು. ಹಾಗಾಗಿ ಮತ್ತೆ ಎಡ ಅಂಚಿಗೆ ಬಂದು: ಸೇರಿಸು, ಬ್ರಾಕೆಟ್‌ನಲ್ಲಿ 6. ರನ್ ಮಾಡಿದರೆ ಸೊನ್ನೆ ಬರುತ್ತದೆ. ಹೊರಗಿನ ಒಟ್ಟು ಫಂಕ್ಷನ್ ಒಳಗಿನಿಂದ ಕಾಣುತ್ತಿದೆ ಎಂದಾಯಿತು.

ಈಗ ಪ್ರಿಂಟ್ ಸಾಲಿನ ಕೆಳಗೆ, ಫಂಕ್ಷನ್ ಒಳಗೇ, ಇನ್ನೊಂದು ಸಾಲು ಸೇರಿಸಿ: ಒಟ್ಟು ಸಮ ಒಟ್ಟು ಪ್ಲಸ್ ಲೀಟರ್. ರನ್ ಮಾಡಿ. ಅನ್‌ಬೌಂಡ್ ಲೋಕಲ್ ಎರರ್! ಯಾವ ಸಾಲಿನಲ್ಲಿ ಅಂತೀರಿ? ಈಗಷ್ಟೇ ಚೆನ್ನಾಗಿ ಓಡಿದ್ದ ಪ್ರಿಂಟ್ ಸಾಲಿನಲ್ಲಿ. ನಾವು ಕೈಯಾಡಿಸಿದ್ದು ಕೆಳಗೆ, ಕೆಟ್ಟಿದ್ದು ಮೇಲೆ. ಹೊಸಬರು ತಲೆ ಕೆರೆದುಕೊಳ್ಳುವುದು ಸಹಜವೇ.

ನಡೆದದ್ದು ಇಷ್ಟು. ಪೈಥಾನ್ ಫಂಕ್ಷನ್ನನ್ನು ಓಡಿಸುವುದಕ್ಕೆ ಮೊದಲೇ ಪೂರ್ತಿ ಓದಿ ನೋಡುತ್ತದೆ. ಒಳಗೆ ಎಲ್ಲಾದರೂ ಒಂದು ಹೆಸರಿಗೆ ಬೆಲೆ ಕೊಟ್ಟದ್ದು ಕಂಡರೆ, ಆ ಹೆಸರು ಆ ಫಂಕ್ಷನ್ನಿನ ಸ್ವಂತದ್ದು, ಅಂದರೆ ಲೋಕಲ್, ಎಂದು ತೀರ್ಮಾನಿಸುತ್ತದೆ. ಆ ತೀರ್ಮಾನ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಅನ್ವಯ. ಆದ್ದರಿಂದ ಪ್ರಿಂಟ್ ಈಗ ಕೇಳುತ್ತಿರುವುದು ಒಳಗಿನ ಒಟ್ಟನ್ನು. ಅದಕ್ಕಿನ್ನೂ ಬೆಲೆಯೇ ಸಿಕ್ಕಿಲ್ಲ. ಎರರ್ ಮೆಸೇಜನ್ನು ಕೊನೆಯವರೆಗೆ ಓದಿದರೆ ಅಲ್ಲಿ ಲೋಕಲ್ ವೇರಿಯಬಲ್ ಎಂದೇ ಬರೆದಿರುತ್ತದೆ. ಕೆಂಪು ಅಕ್ಷರ ಕಂಡ ಕೂಡಲೇ ವಿಂಡೋ ಮುಚ್ಚುವ ಅಭ್ಯಾಸ ಬಿಡಿ.

ಒಳಗೆ ಬೆಲೆ ಕೊಡದೆ ಹೆಸರನ್ನು ಬರೀ ಬಳಸಿದರೆ ಪೈಥಾನ್ ಹೊರಗೆ ಹುಡುಕುತ್ತದೆ. ಮಂಜ ಎಂದು ಕೂಗಿದರೆ ಮನೆಯೊಳಗಿನ ಮಂಜ ಓಗೊಡುತ್ತಾನೆ, ಅವನಿಲ್ಲದಿದ್ದರೆ ಬೀದಿಯ ಮಂಜ. ಫಂಕ್ಷನ್ ಒಳಗೆ, ಅದನ್ನು ಸುತ್ತುವರಿದ ಫಂಕ್ಷನ್ ಇದ್ದರೆ ಅಲ್ಲಿ, ಆಮೇಲೆ ಇಡೀ ಫೈಲಿನ ಮಟ್ಟದಲ್ಲಿ, ಕೊನೆಗೆ ಪ್ರಿಂಟ್, ಲೆನ್ ಮುಂತಾದ ಪೈಥಾನ್ ತಾನೇ ತಂದಿಟ್ಟ ಹೆಸರುಗಳಲ್ಲಿ. ಹುಡುಕಾಟದ ಕ್ರಮ ಇದೇ.

ಎರರ್ ಹೋಗಿಸಲು ಫಂಕ್ಷನ್ ಒಳಗೆ ಮೊದಲಿಗೇ ಗ್ಲೋಬಲ್ ಒಟ್ಟು ಎಂದು ಬರೆಯಬಹುದು, ಅಂದರೆ ಹೊರಗಿನ ಒಟ್ಟೇ ಬೇಕು ಎಂದು ಹೇಳಿದಂತೆ. ಓಡುತ್ತದೆ, ಸುಳ್ಳಲ್ಲ. ಆದರೆ ಹತ್ತು ಫಂಕ್ಷನ್‌ಗಳು ಒಟ್ಟು ಎಂಬ ಒಂದೇ ವೇರಿಯಬಲ್‌ಗೆ ಕೈ ಹಾಕತೊಡಗಿದರೆ ಲೆಕ್ಕ ಕೆಡಿಸಿದ್ದು ಯಾವುದು ಎಂದು ಹುಡುಕುವಷ್ಟರಲ್ಲಿ ಸುಸ್ತು. ಕಲಿಯುವವರು ಗ್ಲೋಬಲ್ ಮುಟ್ಟದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಬೇಕಾದ್ದನ್ನು ಬ್ರಾಕೆಟ್‌ನಲ್ಲಿ ಕೊಡಿ, ಉತ್ತರವನ್ನು ರಿಟರ್ನ್‌ನಿಂದ ಪಡೆಯಿರಿ. ಡೆಫ್ ಸೇರಿಸು, ಬ್ರಾಕೆಟ್‌ನಲ್ಲಿ ಒಟ್ಟು, ಕಾಮಾ, ಲೀಟರ್. ಒಳಗೆ ಒಂದೇ ಸಾಲು: ರಿಟರ್ನ್ ಒಟ್ಟು ಪ್ಲಸ್ ಲೀಟರ್. ಹೊರಗೆ: ಒಟ್ಟು ಸಮ ಸೇರಿಸು, ಬ್ರಾಕೆಟ್‌ನಲ್ಲಿ ಒಟ್ಟು, ಕಾಮಾ, 6. ಒಳಗೂ ಹೊರಗೂ ಒಟ್ಟು ಎಂದೇ ಇದೆ, ಆದರೆ ವೇರಿಯಬಲ್‌ಗಳು ಎರಡು. ಫಂಕ್ಷನ್ ಮುಗಿದಾಗ ಒಳಗಿನ ಹೆಸರು ಹೋಗುತ್ತದೆ, ರಿಟರ್ನ್ ಕೊಟ್ಟ 6 ಹೊರಗಿನ ಒಟ್ಟಿಗೆ ಬಂದು ಸೇರುತ್ತದೆ.

ರಿಟರ್ನ್ ಬದಲು ಪ್ರಿಂಟ್ ಬರೆದವರ ಪಾಡು ಬೇರೆ. ಪರದೆಯ ಮೇಲೆ 6 ಕಾಣುತ್ತದೆ, ಎಲ್ಲ ಸರಿ ಅನಿಸುತ್ತದೆ. ಆದರೆ ರಿಟರ್ನ್ ಇಲ್ಲದ ಫಂಕ್ಷನ್ ಕೊಡುವುದು ನನ್ ಎಂಬ ಖಾಲಿ ಬೆಲೆ, ಅದೇ ಈಗ ಒಟ್ಟಿನಲ್ಲಿ ಕೂತಿದೆ. ಸಂಜೆಯ 5 ಲೀಟರ್ ಸೇರಿಸಲು ಎರಡನೇ ಸಲ ಕರೆದಾಗ, ಆ ಖಾಲಿ ಬೆಲೆಗೆ 5 ಕೂಡಿಸಲಾಗದೆ, ಟೈಪ್ ಎರರ್ ಎದುರಾಗುತ್ತದೆ. ಮೊದಲ ಕರೆಯಲ್ಲೇ ಕೆಟ್ಟಿದ್ದು ಎರಡನೆಯದರಲ್ಲಿ ಹೊರಬೀಳುತ್ತದೆ.

ಸಿ ಅಥವಾ ಜಾವಾ ಕಲಿತು ಬಂದವರಿಗೊಂದು ಮಾತು: ಪೈಥಾನಿನಲ್ಲಿ ಇಫ್, ಫಾರ್‌ಗಳಿಗೆ ಪ್ರತ್ಯೇಕ ಸ್ಕೋಪ್ ಇಲ್ಲ. ಫಾರ್ ಲೂಪಿನ ವೇರಿಯಬಲ್ ಲೂಪ್ ಮುಗಿದ ಮೇಲೂ ಕೊನೆಯ ಬೆಲೆಯನ್ನು ಹಿಡಿದುಕೊಂಡೇ ಇರುತ್ತದೆ.

ಇನ್ನೊಂದು ಪ್ರಯೋಗ ನೀವೇ ಮಾಡಿ. ಹೊರಗೆ ಒಟ್ಟಿನ ಬದಲು ಖಾಲಿ ಲಿಸ್ಟ್ ಇಡಿ, ಫಂಕ್ಷನ್ ಒಳಗಿಂದ ಅದಕ್ಕೆ ಅಪೆಂಡ್ ಮಾಡಿ, ಅಂದರೆ ಲಿಸ್ಟಿನ ಕೊನೆಗೆ ಒಂದು ಬೆಲೆ ಸೇರಿಸಿ. ಗ್ಲೋಬಲ್ ಇಲ್ಲದೆಯೂ ಹೊರಗಿನ ಲಿಸ್ಟ್ ಬೆಳೆಯುತ್ತದೆ, ಎರರ್ ಇಲ್ಲ. ಅಲ್ಲಿ ಸಮ ಚಿಹ್ನೆ ಎಲ್ಲಾದರೂ ಇದೆಯೇ ಎಂದು ನೋಡಿ, ಕಾರಣ ಹೊಳೆಯುತ್ತದೆ. ನಮಸ್ಕಾರ.